ವಿಭೂತಿ ಇಟ್ಟ ಕೈ

ಇಲ್ಲಿ ಬರೆಯುತ್ತಿರುವುದರಲ್ಲಿ ನಿಜವಾಗಿ ನಡೆದದ್ದೆಷ್ಟು, ನನ್ನ ಮೆದುಳು ತೇಪೆ ಹಾಕಿದ್ದೆಷ್ಟು ಎಂಬುದು ನನಗೆ ಗೊತ್ತಿಲ್ಲ. ಕೆಲವು ನನ್ನ ನೆನಪು. ಕೆಲವು ಹೆಂಡತಿ ಶೈಲಾ ಹೇಳಿದ್ದು. ಎರಡರ ನಡುವಿನ ಗೆರೆ ಅಳಿಸಿಹೋಗಿದೆ. ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತ, ಪುರಾವೆ ಎಲ್ಲಿ ಎಂದು ಮಕ್ಕಳ ಜೀವ ತಿನ್ನುತ್ತಿದ್ದವನು ನಾನು. ಈಗ ನನ್ನ ತಲೆಯನ್ನೇ ನಂಬಲಾರೆ.

ಶುರುವಾದದ್ದು ಸಂಪಿಗೆ ರಸ್ತೆಯಲ್ಲಿ. ಕಾಲೇಜಿನಿಂದ ಮನೆಗೆ ನಡೆದು ಬರುತ್ತಿದ್ದೆ. ಹನ್ನೊಂದನೇ ಕ್ರಾಸಿನ ಬೋರ್ಡು ಕಂಡಿತು. ಅದಾದ ಮೇಲೆ ಯಾವ ಕ್ರಾಸ್ ಬರಬೇಕು ಎಂಬುದು ಹೊಳೆಯಲಿಲ್ಲ. ಮದುವೆಯಾದಾಗಿನಿಂದ ಓಡಾಡಿದ ರಸ್ತೆ ಅದು. ಹೂವಿನವಳನ್ನು ಕೇಳಿದೆ. ಅವಳು ನಕ್ಕಳು, ನಾನೂ ನಕ್ಕೆ. ಸಣ್ಣ ಜ್ವರವಿತ್ತು, ಅದರದೇ ಮಂಪರು ಎಂದುಕೊಂಡೆ. ಕೆಲವು ದಿನಗಳಲ್ಲೇ, ಕಾಫಿಯಲ್ಲಿ ಏನೋ ಬೆರೆಸಿದ್ದೀಯ ಎಂದು ಶೈಲಾಳ ಮೇಲೆ ಕೂಗಾಡಿ ಲೋಟವನ್ನು ಗೋಡೆಗೆ ಎಸೆದೆನಂತೆ. ಇದು ಅವಳ ಮಾತು, ನನಗೆ ನೆನಪಿಲ್ಲ. ಆಮೇಲೆ ಫಿಟ್ಸ್ ಬಂತು.

ಆಟೋಇಮ್ಯೂನ್ ಎನ್ಸೆಫಲೈಟಿಸ್.

ನನ್ನನ್ನು ಕಾಯಬೇಕಾದ ರಕ್ಷಣಾ ಪಡೆಯೇ ನನ್ನ ಮೆದುಳಿನ ಮೇಲೆ ತಿರುಗಿ ಬಿದ್ದಿತ್ತು. ಎಂಆರ್‌ಐ ಆಯಿತು. ಬೆನ್ನಿನಿಂದ ನೀರು ತೆಗೆದರು. ಸ್ಟೀರಾಯ್ಡ್ ಕೊಟ್ಟರು, ಪ್ಲಾಸ್ಮಾ ಬದಲಿಸಿದರು. ಇದೆಲ್ಲದರಲ್ಲಿ ನನಗೆ ನೆನಪುಳಿದಿರುವುದು ಸೀಲಿಂಗಿನ ಮೇಲಿದ್ದ ಒಂದು ಒದ್ದೆ ಕಲೆ ಮಾತ್ರ.

ನಾನು ಆಸ್ಪತ್ರೆಯಲ್ಲಿದ್ದಾಗಲೇ ಅಪ್ಪಾಜಿ ತೀರಿಕೊಂಡರು. ಬಳೇಪೇಟೆಯಲ್ಲಿ ಹಗ್ಗ, ಹುರಿ ಮಾರುತ್ತಿದ್ದವರು. ಬೆಳಿಗ್ಗೆ ಚಾಮರಾಜಪೇಟೆಯ ಮನೆಯಲ್ಲಿ ಲಿಂಗಪೂಜೆಗೆ ಕೂತವರು ಹಾಗೇ ಪಕ್ಕಕ್ಕೆ ವಾಲಿದರಂತೆ. ನನಗೆ ಹೇಳಿದರು. ನಾನು ಅತ್ತೆನಂತೆ. ಮಧ್ಯಾಹ್ನ ಮತ್ತೆ ಕೇಳಿದೆನಂತೆ, ಅಪ್ಪಾಜಿ ಯಾಕೆ ಬಂದಿಲ್ಲ ಎಂದು. ಮತ್ತೆ ಹೇಳಿದರು. ಮತ್ತೆ, ಹೊಸದಾಗಿ, ಅತ್ತೆ.

ನನ್ನ ಅಪ್ಪ ಎಷ್ಟು ಸಲ ಸತ್ತರೋ ನನಗೆ ಗೊತ್ತಿಲ್ಲ.

ಕೊನೆಗೆ ಶೈಲಾ ಹೇಳುವುದನ್ನೇ ಬಿಟ್ಟಳು. ಕೇಳಿದಾಗಲೆಲ್ಲ, 'ಅಂಗಡಿಗೆ ಹೋಗಿದಾರೆ, ಸಂಜೆ ಬರ್ತಾರೆ' ಅನ್ನುತ್ತಿದ್ದಳಂತೆ. ನಾನು ಸುಮ್ಮನಾಗುತ್ತಿದ್ದೆನಂತೆ.

ಮನೆಗೆ ಬಂದ ಮೇಲೆ ನೆನಪು ನಿಲ್ಲತೊಡಗಿತು. ಅಪ್ಪಾಜಿ ಇಲ್ಲ ಎಂಬುದೂ ನಿಂತಿತು. ಅದರ ಜೊತೆಗೆ ಒಂದು ಚಿತ್ರ ಬಂತು. ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ. ಗುಂಡಿಯ ಗೂಡಿನಲ್ಲಿ ಅಪ್ಪಾಜಿ ಪದ್ಮಾಸನದಲ್ಲಿ ಕೂತಿದ್ದಾರೆ. ಎಡ ಅಂಗೈಯಲ್ಲಿ ಅವರ ಲಿಂಗ. ತುಟಿ ಸ್ವಲ್ಪ ತೆರೆದಿದೆ, ಲೆಕ್ಕ ಮರೆತು ಯೋಚಿಸುವಾಗ ತೆರೆಯುತ್ತಿದ್ದಂತೆ. ನಾನು ಅವರ ಹಣೆಗೆ ವಿಭೂತಿ ಹಚ್ಚುತ್ತೇನೆ. ಮಡಿಲಿಗೆ ಹಿಡಿ ಹಿಡಿಯಾಗಿ ವಿಭೂತಿ, ಬಿಲ್ವಪತ್ರೆ ಹಾಕುತ್ತೇನೆ. ದೇವರಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಒಬ್ಬನೇ ಮಗ. ಈ ಒಂದು ಕೆಲಸ ನನ್ನ ಕೈಯಿಂದಲೇ ಆಗಿರಬೇಕಿತ್ತು. ಆಯಿತೋ ಇಲ್ಲವೋ ಎಂಬುದು ನನ್ನನ್ನು ಕೂರಲು ಬಿಡಲಿಲ್ಲ. ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ ತಿರುಗಿದೆ.

"ನಾನೇ ಇಟ್ಟಿದ್ದು ಅಲ್ವಾ?" ಎಂದು ಶೈಲಾಳನ್ನು ಕೇಳಿದೆ.

"ಹೂಂ ರೀ. ನೀವೇ. ಆಂಬುಲೆನ್ಸಲ್ಲಿ ಸ್ವಲ್ಪ ಹೊತ್ತು ಕರ್ಕೊಂಡು ಬಂದಿದ್ವಿ."

ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಅಂಗಡಿಗೆ ಹೋಗಿದಾರೆ ಎಂದು ಹೇಳಿದ ಬಾಯಿಯೂ ಇದೇ ಅಲ್ಲವೇ? ಅಕ್ಕ ಗಿರಿಜೆಗೆ ಫೋನ್ ಮಾಡಿದೆ. ಅವಳು ಮಾತು ಹಾರಿಸಿದಳು. "ಹುಷಾರಾಗಿದ್ದಾಗ್ಲೇ ಒಂದು ಹುಟ್ಟಿದಬ್ಬ ನೆನಪಿಟ್ಕೊಂಡವನಲ್ಲ ನೀನು. ಈಗ ಬಂದ್ಬಿಟ್ಟ ವಿಚಾರಣೆ ಮಾಡೋಕೆ. ಮಾತ್ರೆ ತಗೊಂಡು ಮಲ್ಕೊಳೋ."

ಫಾಲೋಅಪ್‌ಗೆ ಹೋದಾಗ ಮಣ್ಣು ಮಾಡಿದ ದಿನ ನನ್ನನ್ನು ಹೊರಗೆ ಕರೆದೊಯ್ದಿದ್ದರೇ ಎಂದು ಡಾಕ್ಟರನ್ನೇ ಕೇಳಿದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತಿಗೆ ಮುಂಚೆ ಯೋಚಿಸುವವರು.

"ಇಲ್ಲ ಸರ್. ಆ ವಾರ ನಿಮ್ಮನ್ನ ಬೆಡ್‌ನಿಂದ ಇಳಿಸೋ ಸ್ಥಿತಿನೇ ಇರ್ಲಿಲ್ಲ."

ನಾನು ಬೇರೆ ಏನಾದರೂ ಹೇಳಬೇಕಿತ್ತು. ಮೇಷ್ಟ್ರ ಚಟ, ಹೀಗೇಕಾಯಿತು ಎಂದು ಕೇಳಿದೆ. ಅವರು ಸಮಾಧಾನವಾಗಿ ಹೇಳಿದರು. ಮೆದುಳಿನ ಕೋಶಗಳು ಕೆಮಿಕಲ್‌ಗಳ ಮೂಲಕ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಆ ಸುದ್ದಿ ನೆನಪಿಗೆ ಬೇಕು, ನಿದ್ದೆಗೆ ಬೇಕು. ಅದೊಂದೇ ಅಲ್ಲ, ಮೆದುಳಿನ ಕಾವಲು ಕೋಶಗಳೂ ಅದನ್ನು ಕೇಳಿಸಿಕೊಳ್ಳುತ್ತವೆ. ಕೆಲವು ಕೆಮಿಕಲ್‌ಗಳು ಅವಕ್ಕೆ 'ಎಲ್ಲ ಸರಿಯಿದೆ, ಸುಮ್ಮನಿರಿ' ಎಂದ ಹಾಗೆ. ನನ್ನಲ್ಲಿ ಆ ಸುದ್ದಿ ತಲುಪುವ ಬಾಗಿಲುಗಳ ಮೇಲೇ ದಾಳಿ ನಡೆದಿತ್ತು. ಸುದ್ದಿ ತಪ್ಪಿದಾಗ ಕಾವಲಿನವು ಕೆರಳಿ ಉರಿಯೂತ ಹೆಚ್ಚಬಹುದು, ಉರಿಯೂತ ಹೆಚ್ಚಿದಷ್ಟೂ ಸುದ್ದಿ ಇನ್ನೂ ಕೆಡಬಹುದು.

ನಮ್ಮ ಅಂಗಡಿಯ ಗಲ್ಲಿ ಕಣ್ಣಮುಂದೆ ಬಂತು. ಅಂಗಡಿಯಿಂದ ಅಂಗಡಿಗೆ ಮಾತು ಓಡುತ್ತಿರುವ ತನಕ ನಾಯಿಗಳು ಕೈಗಾಡಿಯ ಕೆಳಗೆ ಮಲಗಿರುತ್ತವೆ. ಬಂದ್ ದಿನ ಗಲ್ಲಿ ಮೌನವಾದರೆ, ಬಾಗಿಲು ತೆಗೆಯಲು ಬಂದ ಮಾಲೀಕನಿಗೇ ಬೊಗಳುತ್ತವೆ.

"ನನ್ನಲ್ಲಿ ಯಾವುದು ಮೊದಲು ಕೆಟ್ಟಿದ್ದು? ಮಾತಾ, ಕಾವಲಾ?"

"ಖಚಿತವಾಗಿ ಹೇಳೋಕಾಗಲ್ಲ ಸರ್. ನಮಗೂ ಪೂರ್ತಿ ಗೊತ್ತಿಲ್ಲ."

ಆ ಉತ್ತರಕ್ಕೆ ಅವರನ್ನು ನಂಬಿದೆ.

ಹಾಗಾದರೆ ಆ ಚಿತ್ರ? ಖಾಲಿ ಜಾಗವನ್ನು ಮೆದುಳು ತುಂಬಿಕೊಳ್ಳುತ್ತದೆ ಎಂದಿದ್ದರು ಡಾಕ್ಟರ್. ಸುಳ್ಳೆಂದು ಒಪ್ಪಿಕೊಂಡು ಅದನ್ನು ಬಿಟ್ಟುಬಿಡೋಣ ಎಂದು ಮತ್ತೊಮ್ಮೆ ಕಣ್ಣು ಮುಚ್ಚಿ ನೋಡಿದೆ. ಗುಂಡಿ. ಅಪ್ಪಾಜಿ. ತೆರೆದ ತುಟಿ. ನಾನು ಬಗ್ಗುತ್ತೇನೆ. ಬಗ್ಗುವ ಮುಂಚೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತೇನೆ.

ನನಗೆಲ್ಲಿಯ ಸೆರಗು?

ಶೈಲಾ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಎದುರಿಗೆ ಕೂತು, ಡಾಕ್ಟರ್ ಅಂದದ್ದನ್ನೂ ಸೆರಗಿನದನ್ನೂ ಹೇಳಿದೆ. ಅವಳ ಕೈ ನಿಂತಿತು.

"ಮೊದಮೊದಲು ಅಪ್ಪಾಜಿ ಹೋದ್ರು ಅಂದಾಗೆಲ್ಲ, ಹೇಗೆ ಕೂರಿಸಿದ್ರು, ಯಾರು ವಿಭೂತಿ ಇಟ್ರು ಅಂತ ಕೇಳ್ತಿದ್ರಿ. ಇಟ್ಟಿದ್ದು ನಾನು. ಪ್ರತಿ ಸಲ ಎಲ್ಲಾನೂ ಹೇಳ್ತಿದ್ದೆ, ಸೆರಗು ಸಿಕ್ಕಿಸ್ಕೊಂಡಿದ್ದೂ ಸೇರಿ. ಸಾವು ಮರೀತಿದ್ರಿ, ಇದು ಉಳಿದಿತ್ತು ಅನ್ಸುತ್ತೆ. ಮನೆಗೆ ಬಂದ್ಮೇಲೆ ನೀವು, 'ನಾನೇ ಇಟ್ಟಿದ್ದು ಅಲ್ವಾ' ಅಂದ್ರಿ. ಇಲ್ಲ ಅನ್ನೋಕೆ ಬಾಯೇ ಬರ್ಲಿಲ್ಲ ರೀ."

ಅವಳ ಮುಂದಿದ್ದ ಕಾಯಿಗಳಲ್ಲಿ ಒಂದು ಹಿಡಿ ತೆಗೆದುಕೊಂಡು ಬಿಡಿಸತೊಡಗಿದೆ. ಕಾಳು ಚೆಲ್ಲಿದವು. ಅವಳು ಆರಿಸಿಕೊಂಡಳು. ನನ್ನ ನೆನಪು ಸುಳ್ಳಾಗಿತ್ತು, ಅದರೊಳಗಿದ್ದ ಅಪ್ಪಾಜಿ ಸುಳ್ಳಾಗಿರಲಿಲ್ಲ. ನಾನು ನೋಡಲಾಗದ್ದನ್ನು ಅವಳ ಕಣ್ಣಿನಿಂದ ನೋಡಿದ್ದೆ. ಸಾಕೇ ಎಂದು ಕೇಳಿದರೆ, ಸಾಲದು. ಇಷ್ಟಾದರೂ ಸಿಕ್ಕಿತು.

ಆದರೂ ನನ್ನ ಗುಣ ಹೋಗುತ್ತದೆಯೇ? ನಡೆಯಲು ಶಕ್ತಿ ಬಂದ ಮೇಲೆ ಚಾಮರಾಜಪೇಟೆಗೆ ಹೋಗಿ, ಅಂದು ಕ್ರಿಯೆ ಮಾಡಿಸಿದ ಐನೋರನ್ನು ಒಬ್ಬನೇ ಕಂಡು ಕೇಳಿದೆ. ಅವರು ಹೇಳಿದರು: ಅಪ್ಪಾಜಿಯ ಅಣ್ಣತಮ್ಮಂದಿರ ಮಕ್ಕಳು ಯಾರಾದರೂ ಗುಂಡಿಗೆ ಇಳಿಯಲಿ ಎಂದು ಹಿರಿಯರು ಅಂದಿದ್ದರು. ಶೈಲಾ ಯಾರನ್ನೂ ಕೇಳದೆ ಇಳಿದಳು. ಮೊದಲ ಹಿಡಿ ವಿಭೂತಿಯನ್ನು ನನ್ನ ಹೆಸರು ಹೇಳಿ ಹಾಕಿದಳು.