ಡಾಕ್ಟರು ಹೇಳದ ಮಾತು

ಸುಧಾ, ನಡೆಯುವುದನ್ನು ನಿಲ್ಲಿಸಬೇಕು ಎಂದು ಶಹಾಬಾದದ ಡಾಕ್ಟರು ಹೇಳಿರಲಿಲ್ಲ. ಆ ಮಾತು ನನ್ನದು. ಇಷ್ಟು ವರ್ಷ ಅದನ್ನು ಅವರ ಹೆಸರಿನ ಹಿಂದೆ ಬಚ್ಚಿಟ್ಟೆ. ಈ ಕಾಗದಕ್ಕಾಗಿ ಈಗಾಗಲೇ ಮೂರು ಹಾಳೆ ಹರಿದೆ — ಜೀವನವಿಡೀ ಮಕ್ಕಳ ಉತ್ತರಪತ್ರಿಕೆಯಲ್ಲಿ ತಪ್ಪು ಹುಡುಕಿದ ಮಾಸ್ತರನಿಗೆ ತನ್ನದೊಂದು ತಪ್ಪು ಬರೆಯಲು ಕೈ ಏಳುತ್ತಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮ ವೀಣಾ ಆಗ ನಾಲ್ಕನೇ ತರಗತಿ. ನಾಲ್ಕು ಮೆಟ್ಟಿಲು ಹತ್ತಿದರೆ ನಿನಗೆ ಏದುಸಿರು, ರಕ್ತದಲ್ಲಿ ಸಕ್ಕರೆಯೂ ಏರಿತ್ತು. ಡಾಕ್ಟರು ಗುಳಿಗೆ ಬರೆಯಲಿಲ್ಲ. ದಿನಾ ಮುಂಜಾನೆ ಮುಕ್ಕಾಲು ತಾಸು ಬಿರುಸಾಗಿ ನಡೆಯಬೇಕು, ಅನ್ನ ಕಡಿಮೆ ಮಾಡಿ ರೊಟ್ಟಿ ಪಲ್ಯ ಹೆಚ್ಚು ಮಾಡಬೇಕು, ಉಳಿದದ್ದು ಕೆಡಬಾರದೆಂದು ಪಾತ್ರೆ ಬಳಿದು ತಿನ್ನುವುದನ್ನು ಬಿಡಬೇಕು ಎಂದರು. ಕೊನೆಯದನ್ನು ಕೇಳಿ ನೀನು ನಕ್ಕುಬಿಟ್ಟೆ — ನಮ್ಮ ಅಡುಗೆಮನೆಯ ಸುದ್ದಿ ಇವರಿಗೆ ಹೇಗೆ ಗೊತ್ತಾಯಿತು ಎಂದು.

ನೀನು ಬಿಳಿ ಕ್ಯಾನ್ವಾಸ್ ಬೂಟು ತರಿಸಿಕೊಂಡೆ. ಸೀರೆಯನ್ನು ಗೇಣು ಮೇಲೆ ಉಟ್ಟು, ಚಿತ್ತಾಪುರದ ನಮ್ಮ ಓಣಿಯಿಂದ ಸ್ಟೇಷನ್ನಿನ ತನಕ ಕೈ ಬೀಸಿಕೊಂಡು ಹೋಗಿ ಬರುತ್ತಿದ್ದೆ. ಮೊದಲ ವಾರ ಕಾಲು ಹಿಡಿದುಕೊಂಡು ಅತ್ತುಬಿಟ್ಟೆ. ಮೂರನೇ ತಿಂಗಳಿಗೆ ನಿನ್ನ ರವಿಕೆಗಳೆಲ್ಲ ಸಡಿಲಾಗಿ ಹೊಲಿಗೆ ಹಾಕಿಸಬೇಕಾಯಿತು. ನಡೆದು ಬಂದವಳು ಬೆವರು ಒರೆಸಿಕೊಳ್ಳುತ್ತ ಕಟ್ಟೆಯ ಮೇಲೆ ಕೂತು, ಯಾರ ಹೊಲದಲ್ಲಿ ತೊಗರಿ ಹೂ ಬಿಟ್ಟಿದೆ, ಯಾವ ಗಾಡಿ ತಡವಾಗಿದೆ ಎಂದು ವರದಿ ಒಪ್ಪಿಸುತ್ತಿದ್ದೆ. ಮದುವೆಯಾದಾಗಿನಿಂದ ನಿನ್ನ ಮುಖದಲ್ಲಿ ಅಷ್ಟು ಕಳೆ ನಾನು ಕಂಡಿರಲಿಲ್ಲ. ಕಂಡೂ —

ಊರು ಸುಮ್ಮನಿರಲಿಲ್ಲ. ನಮ್ಮಂಥ ಮನೆಯ ಹೆಂಗಸು ಕೆಲಸವಿಲ್ಲದೆ ರಸ್ತೆ ತುಳಿಯುವುದನ್ನು ಆಗ ಯಾರು ನೋಡಿದ್ದರು? ಶಾಲೆಯಲ್ಲಿ ಚಹಾ ಕುಡಿಯುವಾಗ ಒಬ್ಬರು ಕೇಳಿದರು: "ಆಚಾರ್ರ, ಮನ್ಯಾಗ ಜಗಳ ಆಗ್ಯದೇನ್ರಿ? ವೈನಿಯೋರು ದಿನಾ ಗಾಡಿ ಹಿಡೀಲಿಕ್ಕೆ ಓಡಲಿಕತ್ತಾರ." ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೊಳಗೇ ಕುದಿದೆ. ಅವರ ಮೇಲಲ್ಲ, ನಿನ್ನ ಮೇಲೆ. ಒಂಬತ್ತನೇ ತರಗತಿಯವರಿಗೆ ವ್ಯಾಯಾಮದ ಲಾಭಗಳನ್ನು ಬಾಯಿಪಾಠ ಮಾಡಿಸಿ ಬಂದವನಿಗೆ ಹೆಂಡತಿಯ ಬೂಟು ಮರ್ಯಾದೆಯ ಪ್ರಶ್ನೆಯಾಗಿತ್ತು.

ಅದೇ ತಿಂಗಳು ವೀಣಾಗೆ ಜ್ವರ ಬಂದು ನೀನು ಮನೆಯಲ್ಲಿ ಉಳಿದೆ. ರಕ್ತದ ರಿಪೋರ್ಟು ತೋರಿಸಲು ಶಹಾಬಾದಕ್ಕೆ ನಾನೊಬ್ಬನೇ ಹೋದೆ. ಡಾಕ್ಟರಿಗೆ ಬಹಳ ಖುಷಿ. ಸಕ್ಕರೆ ಇಳಿದಿದೆ, ಏನೇ ಆದರೂ ಅವರ ನಡಿಗೆ ಬಿಡಿಸಬೇಡಿ ಎಂದು ನನ್ನ ಕೈ ಹಿಡಿದು ಹೇಳಿದರು, ಚೀಟಿಯಲ್ಲೂ ಬರೆದರು. ವಾಪಸು ಬರುವಾಗ ವಾಡಿಯಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಅಲ್ಲಿಯೇ ಕೂತು ಸುಳ್ಳನ್ನು ಹೊಂದಿಸಿಕೊಂಡೆ. ಮನೆಗೆ ಬಂದವನೇ ಅಂದೆ: "ಮೊಣಕಾಲ ಸವೀತಾವಂತ. ಇನ್ನ ರಸ್ತೆ ಮ್ಯಾಲೆ ನಡೀಬಾರ್ದು ಅಂದಾರ ಡಾಕ್ಟರು. ಹಣಮಂದೇವರ ಗುಡ್ಯಾಗ ಹನ್ನೊಂದು ಪ್ರದಕ್ಷಿಣಿ ಹಾಕಿದರ ಸಾಕಂತ."

ಗುಡಿ ಸುತ್ತುವ ಹೆಂಗಸನ್ನು ನೋಡಿ ಯಾರು ನಗುತ್ತಾರೆ? ಅಷ್ಟು ಲೆಕ್ಕ ಹಾಕಿ, ದೇವರನ್ನೂ ನನ್ನ ಸುಳ್ಳಿಗೆ ಸೇರಿಸಿಕೊಂಡೆ. ನೀನು ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದೆ. ಹನ್ನೊಂದು ಸುತ್ತು ಹತ್ತು ನಿಮಿಷದ ಕೆಲಸ, ಅದೂ ಕೈ ಮುಗಿದುಕೊಂಡು ಮೆಲ್ಲಗೆ. ಅದರ ಮೇಲೆ ಅರ್ಚಕರು ಬೊಗಸೆ ತುಂಬ ಕೊಡುವ ತುಪ್ಪ ಸಕ್ಕರೆಯ ಶಿರಾ — ಪ್ರಸಾದ ಬೇಡ ಎನ್ನಲಾಗುತ್ತದೆಯೇ? ವರ್ಷದೊಳಗೆ ರವಿಕೆಯ ಹೊಲಿಗೆಗಳನ್ನು ನೀನೇ ಬಿಚ್ಚಿಕೊಂಡೆ. ಶಾಲೆಯಲ್ಲಿ ಅದೇ ಜನ ನಿನ್ನ ಭಕ್ತಿಯನ್ನು ಹೊಗಳಿದರು. ನಾನು ತಲೆಯಾಡಿಸಿದೆ.

ಸಕ್ಕರೆ ಮರಳಿ ಬಂತು. ಅಂದು ಸವೆಯದಿದ್ದ ಮೊಣಕಾಲುಗಳು ಬರಬರುತ್ತ ನಿಜವಾಗಿಯೂ ಸವೆದವು.

ಹೋದ ವರ್ಷ ಗುಲಬರ್ಗಾದ ಡಾಕ್ಟರಮ್ಮ ನಿನ್ನ ಹಳೆಯ ಚೀಟಿಗಳನ್ನು ತಿರುವಿ ಹಾಕುತ್ತ, ಇಷ್ಟು ಚಂದ ತೂಕ ಇಳಿಸಿದ್ದವರು ನಡೆಯುವುದನ್ನು ಯಾಕೆ ಬಿಟ್ಟಿರಿ ಎಂದು ಕೇಳಿದರು. ಡಾಕ್ಟರೇ ಬೇಡ ಅಂದಿದ್ದರು ಎಂದೆ ನೀನು. ಅವರು ಇಂಗ್ಲಿಷಿನ ಒಂದು ಸಾಲಿನ ಮೇಲೆ ಬೆರಳಿಟ್ಟು ಕನ್ನಡದಲ್ಲಿ ಓದಿ ಹೇಳಿದರು — ನಡಿಗೆ ಮುಂದುವರಿಸಬೇಕು, ಬಿಡಬಾರದು. ನೀನು ನನ್ನ ಕಡೆ ತಿರುಗಿದೆ. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ನೀನು ಮತ್ತೆ ಅವರ ಕಡೆ ತಿರುಗಿ ಅಂದೆ: "ತಪ್ಪು ನಂದೇ ಅದರಿ. ಭಾಳ ಆಲಸಿ ಆಗಿದ್ದೆ ನಾ."

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗ ನನಗೇ ಬಿಟ್ಟುಕೊಟ್ಟೆ. ಏನೂ ಕೇಳಲಿಲ್ಲ. ಇಂದಿಗೂ ಕೇಳಿಲ್ಲ. ಬೈದಿದ್ದರೆ ಏನೋ ಒಂದು ಸಮಜಾಯಿಷಿ ಕೊಟ್ಟು ಹಗುರಾಗುತ್ತಿದ್ದೆ ಎಂದು ಎಷ್ಟೋ ಸಲ ಅನಿಸಿದೆ. ನೋಡು, ಈಗಲೂ ಬಾಯಿ ತೆರೆಯುವ ಕೆಲಸವನ್ನು ನಿನ್ನ ಮೇಲೆಯೇ ಹಾಕುತ್ತಿದ್ದೇನೆ.

ಈಗ ನೀನು ಮತ್ತೆ ನಡೆಯಲು ಶುರು ಮಾಡಿದ್ದೀ. ಕೋಲು ಹಿಡಿದು ಓಣಿಯ ತುದಿಯ ತನಕ, ನಡುವೆ ಎರಡು ಕಡೆ ಕೂತು. ನಾನು ಜೊತೆಗೆ ಬರುತ್ತೇನೆ. ನೀನು ಬೇಡ ಎಂದಿಲ್ಲ, ಅದನ್ನೇ ನನಗೆ ತಡೆದುಕೊಳ್ಳಲಾಗುವುದಿಲ್ಲ.

ಸೇಡಂನಿಂದ ವೀಣಾ ಪ್ರತಿ ರವಿವಾರ ಫೋನ್ ಮಾಡುತ್ತಾಳೆ. ಹೆರಿಗೆಯಾದ ಮೇಲೆ ಅವಳೂ ದಪ್ಪಗಾಗಿದ್ದಾಳೆ. ನಿನ್ನ ಹಾಗಾಗಬಾರದು ಎಂದು ದಿನಾ ನಡೆಯುತ್ತಾಳಂತೆ. ಡಾಕ್ಟರಮ್ಮನಿಗೆ ಹೇಳಿದ್ದನ್ನೇ ನೀನು ಅವಳಿಗೂ ಹೇಳಿದ್ದೀ; ನೀನು ಆಗ ಆಲಸಿತನ ಮಾಡದೆ ಇದ್ದಿದ್ದರೆ ಎಂದು ಪ್ರತಿ ಸಲ ನಿನ್ನನ್ನು ಬೈಯುತ್ತಾಳೆ. ನೀನು ಹೂಂ ಎನ್ನುತ್ತೀ. ಪಕ್ಕದಲ್ಲಿ ಪೇಪರ್ ಹಿಡಿದು ಕೂತ ನನಗೆ ಎಲ್ಲವೂ ಕೇಳಿಸುತ್ತದೆ. ಮಗಳ ಲೆಕ್ಕದಲ್ಲಿ ನೀನು ಆಲಸಿ, ನಾನು ನಿನ್ನನ್ನು ಆಸ್ಪತ್ರೆಗೆ ಅಡ್ಡಾಡಿಸುವ ಒಳ್ಳೆಯ ಗಂಡ.

ಈ ಕಾಗದವನ್ನು ನಿನ್ನ ದಿಂಬಿನ ಕೆಳಗೆ ಇಟ್ಟು ಹೋಗುವುದಿಲ್ಲ. ಎದುರಿಗೆ ಕೂತು ನಾನೇ ಓದುತ್ತೇನೆ. ಕ್ಷಮಿಸು ಎನ್ನಲು ನನಗೆ ಬಾಯಿಲ್ಲ. ಒಂದೇ ಒಂದು ಕೇಳಿಕೊಳ್ಳುತ್ತೇನೆ — ಈ ರವಿವಾರ ವೀಣಾ ಬೈಯಲು ಶುರು ಮಾಡಿದರೆ ಹೂಂ ಎನ್ನಬೇಡ. ಫೋನು ನನ್ನ ಕೈಗೆ ಕೊಡು.