ಕೆಂಪು ಗೆರೆ ಎಳೆದ ಕಾಗದ

ವಾರಿಜಾ, ಆ ಕಾಗದ ನಾನೇ ಒಯ್ದಿದ್ದೆ. ನೀನು ಎರಡು ಸಲ ಕೇಳಿದಿ. ಎರಡು ಸಲವೂ ನೋಡಿಲ್ಲ ಅಂದೆ. ನೋಡಿದ್ದೆ. ನನ್ನ ಮನೆಯಲ್ಲೇ ಇತ್ತು.

ಇಷ್ಟು ಬರೆದು ನಿನ್ನೆ ಪೆನ್ನು ಇಟ್ಟು ಎದ್ದುಬಿಟ್ಟೆ. ಎರಡನೇ ಇಯತ್ತೆ ಕಲಿತವಳು ನಾನು, ಅಕ್ಷರ ಸೊಟ್ಟ ಇರುತ್ತವೆ. ಮಗಳು ಕಸ್ತೂರಿಯ ಕೈಲಿ ಬರೆಸಬಹುದಿತ್ತು. ಅವಳಿಗೆ ಇನ್ನೂ ಹೇಳಿಲ್ಲ. ನಿನಗೆ ಗೊತ್ತಿದ್ದದ್ದನ್ನೂ ಇಲ್ಲಿ ಬರೆಯುತ್ತೇನೆ, ಯಾಕಂದರೆ ಇದನ್ನು ನಿನ್ನ ಮನೆಯವರು ಓದಬೇಕು. ಅವತ್ತು ಏನಾಯಿತು ಅನ್ನೋದು ಅವರಿಗೆ ಗೊತ್ತಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಬಾಂದ್ರಾದ ಆ ಆಫೀಸಿನಲ್ಲಿ ನಾನು ಕಸ ಹೊಡೆಯುವವಳು, ನೀನು ಕಂಪ್ಯೂಟರ್ ಕೋಣೆಗೆ ಹೊಸದಾಗಿ ಬಂದ ಹುಡುಗಿ. ನಾನು ಬಾಗಲಕೋಟಿ ಕಡೆಯವಳು, ನೀನು ಉಡುಪಿ ಕಡೆಯವಳು. ನಿನ್ನ ಮಾತು ನನಗೆ ಅರ್ಧ ತಿಳಿಯುತ್ತಿರಲಿಲ್ಲ. ಆದರೂ ಇಡೀ ಬಿಲ್ಡಿಂಗಿನಲ್ಲಿ ಕನ್ನಡದವರು ಅಂದರೆ ನಾವಿಬ್ಬರೇ. ಆರು ತಿಂಗಳು ನೋಡಿ ಆಮೇಲೆ ಖಾಯಂ ಮಾಡುತ್ತೇವೆ ಅಂದಿದ್ದರು ನಿನಗೆ. ಪಾರ್ಲೆಯಲ್ಲಿ ಹೋಟೆಲ್ ನಡೆಸುವ ನಿನ್ನ ಅಣ್ಣ ಮದುವೆಗೆ ಗಂಡು ನೋಡಿ ಇಟ್ಟಿದ್ದ. ನೌಕರಿ ಖಾಯಂ ಆದರೆ ಮದುವೆ ಮಾತು ಎತ್ತುವುದಿಲ್ಲ ಅಂತ ಅವನಿಂದ ಮಾತು ತಗೊಂಡಿದ್ದಿ. ಇದೆಲ್ಲ ನೀನೇ ನನಗೆ ಹೇಳಿದ್ದಿ. ಅಂದರೆ ನಾನು ಏನು ಹಾಳು ಮಾಡುತ್ತಿದ್ದೇನೆ ಅನ್ನುವುದು ನನಗೆ ಗೊತ್ತಿತ್ತು.

ಆಗ ಟಿವಿಯಂಥ ಪರದೆ ಇರಲಿಲ್ಲ. ಟೈಪ್ ಮಷೀನಿನಂಥದ್ದು ಇತ್ತು, ಅದಕ್ಕೆ ಕಾಗದದ ಸುರುಳಿ. ನೀನು ಒತ್ತಿದ್ದೂ ಆ ಕಾಗದದ ಮೇಲೆ, ಕಂಪ್ಯೂಟರ್ ಕೊಟ್ಟ ಉತ್ತರವೂ ಆ ಕಾಗದದ ಮೇಲೆ. ಒಂದು ದಿನ ಅದು ಕಟಕಟ ಅಂತ ನಿಲ್ಲದೇ ಬರೆಯುತ್ತಿತ್ತು.

"ಏನ ತಂಗಿ, ಇಷ್ಟ ಯಾಕ ಒದರಾಕತ್ತೈತಿ ಇದು?"

"ನಾನೇ ಕೇಳಿದ್ದು ನೀಲಕ್ಕ. ಕಂಪ್ಯೂಟರಿಗೆ ಕೊಡುವ ಒಂದು ಆಜ್ಞೆ ಎಂಥದು ಅಂತ ಗೊತ್ತಿಲ್ಲದಿದ್ರೆ ಇದನ್ನೇ ಕೇಳ್ಲಿಕ್ಕೆ ಆಗ್ತದೆ. ಮೊದಲು ಎಂ, ಎ, ಎನ್ ಅಂತ ಒತ್ತಬೇಕು, ಮತ್ತೆ ಆ ಆಜ್ಞೆಯ ಹೆಸರು. ಎಲ್ಲ ಹೇಳ್ತದೆ. ಅದು ಏನು ಮಾಡ್ತದೆ, ಹೇಗೆ ಬರೀಬೇಕು, ಕಡೆಗೆ ಅದರಲ್ಲಿ ಏನು ದೋಷ ಉಂಟು ಅಂತ ಕೂಡ."

"ತನ್ನ ದೋಷ ತಾನ ಹೇಳತೈತಿ?"

"ಹೌದು ಮಾರಾಯ್ರೆ."

"ಹಂಗಾರ ಇದನ್ನ ಲಗ್ನ ಆಗಿಬಿಡು. ಗಂಡಸರಾಗ ಇಂಥದ್ದು ಸಿಗೂದಿಲ್ಲ."

ನೀನು ನಕ್ಕ ನಗೆಗೆ ನಿಮ್ಮ ಕೋಣೆಯ ಸಾಹೇಬ ಗಾಜಿನ ಆಚೆಯಿಂದ ಕತ್ತೆತ್ತಿ ನೋಡಿದ.

ಆ ಕೋಣೆಯ ಕಟ್ಟಳೆ ಸಾಹೇಬನದೇ. "ಪಹಲೇ ಪೂಛೋ, ಫಿರ್ ಕರೋ" — ಮೊದಲು ಕೇಳು, ಆಮೇಲೆ ಮಾಡು. ಗೊತ್ತಿಲ್ಲದ ಯಾವ ಆಜ್ಞೆಯನ್ನೂ ಯಂತ್ರವನ್ನು ಕೇಳದೆ ಕೊಡಬಾರದು, ಅದು ಬರೆದುಕೊಟ್ಟ ಕಾಗದ ಹರಿದು ಇಟ್ಟುಕೊಳ್ಳಬೇಕು. ನೀನು ಒಂದು ದಿನವೂ ತಪ್ಪಿದವಳಲ್ಲ.

ನನಗೂ ಒಂದು ಕಟ್ಟಳೆ ಇತ್ತು. ನೆಲಕ್ಕೆ ಬಿದ್ದ ಕಾಗದ ನನ್ನದು, ಮೇಜಿನ ಮೇಲಿನದು ನಿಮ್ಮದು. ನೆಲದ್ದನ್ನು ಒಯ್ದು ಹಿಂದುಗಡೆ ಸುಡಬೇಕು. ಗೇಟಿನ ಹೊರಗೆ ಒಯ್ದರೆ ಕಳ್ಳತನ. ಒಬ್ಬ ಪ್ಯೂನ್ ರದ್ದಿ ಒಯ್ದು ನೌಕರಿ ಕಳಕೊಂಡಿದ್ದ. ನಾನು ಒಯ್ಯುತ್ತಿದ್ದೆ. ಒಂದು ಮಗ್ಗಲು ಏನೂ ಬರೆಯದೆ ಕೋರಾ ಇರುತ್ತಿತ್ತಲ್ಲ — ಮಡಚಿ, ಸೆರಗಿನೊಳಗೆ ಹೊಟ್ಟೆಗೆ ಕಟ್ಟಿಕೊಂಡು ಬೊರಿವಲಿಯಲ್ಲಿ ನಮ್ಮ ಬಾಡಿಗೆ ಕೋಣೆ ಇದ್ದ ಚಾಳಿಗೆ ತಂದು, ಕತ್ತರಿಸಿ ಹೊಲಿದು ಕಸ್ತೂರಿಗೆ ನೋಟುಬುಕ್ಕು ಮಾಡುತ್ತಿದ್ದೆ. ಅಂಗಡಿಯಿಂದ ತರಲಿಕ್ಕೆ ಆಗುತ್ತಿರಲಿಲ್ಲ ಅಂತ ಅಲ್ಲ. ಪುಕ್ಕಟೆ ಸಿಕ್ಕಿದ್ದನ್ನು ಬಿಡುವ ಹೆಂಗಸು ನಾನಲ್ಲ.

ಅವತ್ತು ಸಾಹೇಬ ನಿನಗೆ ಒಂದು ಡಿಸ್ಕನ್ನು ಹೊಸದಾಗಿ ಸಜ್ಜು ಮಾಡು ಅಂದ. ರೊಟ್ಟಿ ಡಬ್ಬಿಯಷ್ಟು ದೊಡ್ಡ ಡಿಸ್ಕು. ಆ ಆಜ್ಞೆ ನಿನಗೆ ಹೊಸದು. ಕೇಳಿದಿ. ಯಂತ್ರ ಬರೆಯಿತು. ನೀನು ಓದಿ ಒಂದು ಸಾಲಿನ ಕೆಳಗೆ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದು ಸಾಹೇಬನ ಹತ್ತಿರ ಓಡಿದಿ. ಡಿಸ್ಕಿನಲ್ಲಿ ಏನಿದ್ದರೂ ಅಳಿಸಿ ಹೋಗುತ್ತದಂತೆ, ಏನಾದರೂ ಇದೆಯಾ ಅಂತ ಕೇಳಿದಿ. ನಾನು ಅಲ್ಲೇ ನೆಲ ಒರೆಸುತ್ತಿದ್ದೆ. "ಖಾಲೀ ಹೈ, ಕರ್ ಡಾಲೋ," ಅಂದ, ಖಾಲಿ ಇದೆ ಮಾಡಿಬಿಡು ಅಂತ. ಗೆರೆಯ ಕೆಳಗೆ ಏನೋ ಗೀಚಿ ಸಹಿ ಮಾಡಿದ. ಕಣ್ಣಾರೆ ನೋಡಿದೆ. ಇದನ್ನು ನಿನ್ನ ಮನೆಯವರಿಗೆ ಎರಡು ಸಲ ಓದಿ ಹೇಳು.

ಆಜ್ಞೆ ಕೊಟ್ಟು, ಕಾಗದವನ್ನು ಮೇಜಿನ ಅಂಚಿಗೆ ಇಟ್ಟು ನೀನು ಊಟಕ್ಕೆ ಹೋದಿ. ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡದ್ದು — ಅದು ನೆಲಕ್ಕೆ ಬಿದ್ದಿತ್ತು ಅಂತ. ಬಿದ್ದಿರಲಿಲ್ಲ. ಅರ್ಧ ಮೇಜಿನ ಮೇಲೆ, ಅರ್ಧ ಕೆಳಗೆ ಜೋತಾಡುತ್ತಿತ್ತು. ಉದ್ದನ್ನ ಒಳ್ಳೇ ಕಾಗದ. ಕಸಬರಿಗೆಯ ಹಿಡಿಯಿಂದ ಸಣ್ಣದೊಂದು ನೂಕು ನೂಕಿದೆ. ಬಿತ್ತು. ಬಿದ್ದ ಮೇಲೆ ನನ್ನದಾಯಿತು.

ಮೂರು ದಿನಕ್ಕೆ ಗದ್ದಲ ಎದ್ದಿತು. ಡಿಸ್ಕು ಖಾಲಿ ಇರಲಿಲ್ಲ. ಮೇಲಿನ ಮಾಳಿಗೆಯವರ ತಿಂಗಳುಗಟ್ಟಲೆ ಕೆಲಸ ಅದರಲ್ಲಿತ್ತಂತೆ. ದೊಡ್ಡ ಸಾಹೇಬರು ಬಂದರು. ನಮ್ಮ ಸಾಹೇಬ ಅವರ ಮುಂದೆ ನಿಂತು, ಈ ಹುಡುಗಿ ಕೇಳದೇ ಮಾಡಿದಳು ಅಂದ. ನೀನು ಮೇಜು, ಖಾನೆ, ಫೈಲು ಎಲ್ಲ ಹುಡುಕಿದಿ. ಯಂತ್ರವನ್ನು ಮತ್ತೆ ಕೇಳಿ ಅದೇ ಪುಟ ಬರೆಸಿ ತೋರಿಸಿದಿ, ಇಂಥದ್ದರ ಮೇಲೆಯೇ ಸಾಹೇಬ ಸಹಿ ಮಾಡಿದ್ದ ಅಂದಿ. "ಇದನ್ನು ಈಗ ಯಾರು ಬೇಕಾದರೂ ಬರೆಸಬಹುದು," ಅಂದರು ದೊಡ್ಡ ಸಾಹೇಬರು. "ಅವರ ಸಹಿ ಎಲ್ಲಿದೆ?"

ಸಾಹೇಬ ನನ್ನ ಕಡೆ ತಿರುಗಿದ, ಇಲ್ಲಿಂದ ಕಾಗದ ಎತ್ತಿದೆಯಾ ಅಂತ. ನನ್ನಂಥ ಕೆಲಸದವರನ್ನು ಅಲ್ಲಿ ಬಾಯಿ ಅಂತಲೇ ಕರೆಯುತ್ತಿದ್ದರು. "ಬಾಯಿ, ಇಧರ್ ಸೇ ಕಾಗಜ್ ಉಠಾಯಾ ಕ್ಯಾ?"

"ನಹೀ ಸಾಬ್."

ನೀನು ಕನ್ನಡದಲ್ಲಿ ಕೇಳಿದಿ. "ನೀಲಕ್ಕ, ನೀವು ನೋಡಿದ್ದುಂಟಾ? ಕೆಂಪು ಗೆರೆ ಎಳೆದಿದ್ದೆ."

"ಇಲ್ಲ ತಂಗಿ. ನಾ ನೋಡಿಲ್ಲ."

ಕೆಂಪು ಗೆರೆ ಅಂದ ಕೂಡಲೇ ಗೊತ್ತಾಯಿತು. ಹಿಂದಿನ ದಿನ ಹೊಲಿಯುವಾಗ ಸೂಜಿ ಆ ಗೆರೆಯ ಪಕ್ಕದಲ್ಲೇ ಚುಚ್ಚಿತ್ತು. ಒಯ್ದೆ ಅಂದರೆ ಕಳ್ಳಿ, ನೌಕರಿ ಹೋಯಿತು. ಸಹಿ ಮಾಡಿದ್ದು ನೋಡಿದೆ ಅಂದರೆ ಸಾಹೇಬ ಬಿಡುವವನಲ್ಲ. ಗಂಡ ಸತ್ತು ಎರಡು ವರ್ಷ ಆಗಿತ್ತು — ಇರಲಿ, ಅದನ್ನು ಇಲ್ಲಿ ಬರೆಯುವುದಿಲ್ಲ. ನಿನ್ನ ಮುಖ ನೋಡುತ್ತಲೇ ಸುಳ್ಳು ಹೇಳಿದೆ. ಕಬ್ಬಿಣದ ಆ ಯಂತ್ರ ತನ್ನ ದೋಷ ತಾನೇ ಬರೆದು ಕೊಡುತ್ತಿತ್ತು. ಅದರ ಪಕ್ಕದಲ್ಲೇ ಕಸಬರಿಗೆ ಹಿಡಿದು ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ.

ಆ ಭಾನುವಾರ ನೀನು ನಮ್ಮ ಚಾಳಿಗೆ ಬಂದಿ. ಕಸ್ತೂರಿ ನೆಲದ ಮೇಲೆ ಕೂತು ಬರೆಯುತ್ತಿದ್ದಳು — ಅದೇ ನೋಟುಬುಕ್ಕಿನಲ್ಲಿ. ಎಂಟು ವರ್ಷದ ಹುಡುಗಿ, ಅದಕ್ಕೇನು ಗೊತ್ತು.

"ಅಕ್ಕಾ, ನನ್ನ ಅಕ್ಷರ ನೋಡ್ರಿ!" ಅಂತ ಎದ್ದು ನಿನ್ನ ಕಡೆ ಓಡಿತು.

ಕೈಯಿಂದ ಕಸಿದುಕೊಂಡೆ. ಕಪಾಳಕ್ಕೊಂದು ಬಾರಿಸಿದೆ. "ಬಂದವರ ಮುಂದ ಕುಣೀಬ್ಯಾಡ, ಹೋಗು, ನೀರ ತಗೊಂಡ ಬಾ!" ಅಂದೆ. ನೋಟುಬುಕ್ಕನ್ನು ಕೆಳಗೆ ಹಾಕಿ ಅದರ ಮೇಲೆ ಕೂತೆ.

"ಎಂಥ ನೀಲಕ್ಕ, ಪಾಪ, ಹೊಡೀಬೇಡಿ," ಅಂದಿ ನೀನು.

ನೀನು ಇದ್ದಷ್ಟು ಹೊತ್ತೂ ನಾನು ಅದರ ಮೇಲೆ ಕೂತೇ ಇದ್ದೆ, ವಾರಿಜಾ. ಚಹಾ ಮಾಡಲಿಕ್ಕೂ ಏಳಲಿಲ್ಲ, ಪಕ್ಕದ ಮನೆಯವಳಿಗೆ ಕೂಗಿ ಮಾಡಿಸಿದೆ. ಮೊಣಕಾಲು ನೋವು ಅಂದೆ. ಬೆವರು ಇಳಿದು ಕುಪ್ಪಸ ಒದ್ದೆಯಾಗಿತ್ತು. ಸ್ವಲ್ಪ ಅಲುಗಿದರೆ ಸಾಕು, ಕಾಗದದ ಸಪ್ಪಳ ನಿನಗೆ ಕೇಳುತ್ತದೆ ಅನ್ನಿಸುತ್ತಿತ್ತು. ನೀನು ಅಳಲಿಲ್ಲ. ಚಹಾದ ಲೋಟ ಎರಡೂ ಕೈಯಲ್ಲಿ ಹಿಡಿದು ಅಂದಿ:

"ನೀಲಕ್ಕ, ನಾನು ಕೇಳಿಯೇ ಮಾಡಿದ್ದು. ಅದು ನಿಮಗೆ ಗೊತ್ತುಂಟಲ್ಲ? ನೀವು ಅಲ್ಲೇ ಇದ್ರಿ. ನಾಳೆ ದೊಡ್ಡ ಸಾಹೇಬರ ಹತ್ರ ಒಂದು ಮಾತು ಹೇಳ್ತೀರಾ?"

"ನಾ ನೆಲ ನೋಡಾಕತ್ತಿದ್ದೆ ತಂಗಿ. ನಂಗೇನೂ ಕಾಣಲಿಲ್ಲ."

"ಕಾಗದ?"

"ಇಲ್ಲವಾ. ನೋಡಿಲ್ಲ."

ನೀನು ಲೋಟ ಕೆಳಗಿಟ್ಟಿ. ಹೋಗುವಾಗ ಕಸ್ತೂರಿಯ ಕೆನ್ನೆ ಸವರಿದಿ, ನಾನು ಹೊಡೆದ ಕಡೆ.

ನೀನು ಮೆಟ್ಟಿಲು ಇಳಿದ ಮೇಲೆ ಹೊಲಿಗೆ ಬಿಚ್ಚಿ ಆ ಹಾಳೆ ತೆಗೆದೆ. ಗೆರೆ ಇತ್ತು, ಸಾಹೇಬನ ಸಹಿ ಇತ್ತು, ಬೆನ್ನಿಗೆ ಮಗಳ ಮಗ್ಗಿ ಇತ್ತು. ಆಗಲೂ ಓಡಿಹೋಗಿ ಸ್ಟೇಷನ್ನಿನಲ್ಲಿ ನಿನ್ನನ್ನು ಹಿಡಿಯಬಹುದಿತ್ತು. ಸ್ಟವ್ ಹಚ್ಚಿದೆ. ಸುಟ್ಟೆ. ಮಗಳು ನೋಡುತ್ತ ನಿಂತಿತ್ತು, ಯಾಕೆ ಅಂತ ಕೇಳಲಿಲ್ಲ. ಇನ್ನೊಂದು ಏಟು ಬೀಳುತ್ತದೆ ಅಂತ ಹೆದರಿತ್ತು.

ಮರುದಿನ ನಿನ್ನನ್ನು ತೆಗೆದರು.

ನಾಲ್ಕೈದು ತಿಂಗಳಾದ ಮೇಲೆ ತಡೆಯಲಾರದೆ ಪಾರ್ಲೆಯಲ್ಲಿ ಇಳಿದು ನಿಮ್ಮ ಅಣ್ಣನ ಹೋಟೆಲಿಗೆ ಹೋಗಿದ್ದೆ. ಹೇಳಬೇಕು ಅಂತಲೇ ಹೋಗಿದ್ದೆ. ನಿನ್ನ ಜೊತೆ ಕೆಲಸ ಮಾಡುತ್ತಿದ್ದೆ ಅಂದೆ. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ನಿಮ್ಮ ಅಣ್ಣ ನಕ್ಕ. "ಅವಳಿಗೆ ಮದುವೆ ಆಯ್ತು, ಊರಿಗೆ ಕಳಿಸಿದೆ. ಯಾರನ್ನೂ ಕೇಳದೆ ಕೆಲಸ ಮಾಡುವ ಹುಡುಗಿ. ಹೌದಲ್ವಾ ಅಮ್ಮ? ನೀವೇ ನೋಡಿದ್ದೀರಲ್ಲ."

ನಾನು ಹೂಂ ಅಂತ ತಲೆ ಆಡಿಸಿದೆ. ಚಹಾ ಕುಡಿದು ಬಂದೆ.

ಆ ಆಫೀಸಿನಲ್ಲೇ ಖಾಯಂ ಆದೆ, ಅಲ್ಲೇ ಮುದುಕಿಯಾದೆ. ಪ್ರತಿ ದಿನ ಗೇಟಿನಲ್ಲಿ ವಾಚ್‌ಮನ್ ಬರೀ "ಬಾಯಿ" ಅಂದರೂ ಎದೆ ಹಾರುತ್ತಿತ್ತು. ನೌಕರಿ ಬಿಟ್ಟ ಮೇಲೂ ಬಾಗಿಲು ಬಡಿದರೆ ಮೊದಲು ನೆನಪಾಗುವುದು ನಿನ್ನ ಮುಖ. ಇದು ಶಿಕ್ಷೆ ಅಂತ ಹೇಳುತ್ತಿಲ್ಲ. ಶಿಕ್ಷೆ ಆದದ್ದು ನಿನಗೆ.

ನಿನ್ನ ಅಣ್ಣ ಇನ್ನೂ ಇದ್ದಾನೆ, ಮಧ್ಯಾಹ್ನ ಈಗಲೂ ಹೋಟೆಲಿಗೆ ಬಂದು ಕೂರುತ್ತಾನೆ ಅಂತ ವಿಚಾರಿಸಿ ತಿಳಿದುಕೊಂಡಿದ್ದೇನೆ. ಇದರದೇ ಇನ್ನೊಂದು ಪ್ರತಿ ನನ್ನ ಕೈಯಿಂದಲೇ ಬರೆದಿದ್ದೇನೆ. ಇಂದು ರಾತ್ರಿ ಕಸ್ತೂರಿಗೆ ಓದಿ ಹೇಳುತ್ತೇನೆ. ನಾಳೆ ಆ ಪ್ರತಿ ಹಿಡಿದು ಪಾರ್ಲೆಗೆ ಹೋಗುತ್ತೇನೆ. ಗಿರಾಕಿಗಳು ಇದ್ದರೆ ಇರಲಿ. "ನಿಮ್ಮ ತಂಗಿ ಕೇಳಿಯೇ ಮಾಡಿದಳು, ಸುಳ್ಳು ಹೇಳಿದವಳು ನಾನು" ಅಂತ ಅವನ ಎದುರಿಗೆ ನಿಂತು ಹೇಳುತ್ತೇನೆ. ನಿನ್ನ ವಿಳಾಸ ಕೊಟ್ಟರೆ ಈ ಕಾಗದ ಅಲ್ಲಿಂದಲೇ ನಿನಗೆ ಹಾಕುತ್ತೇನೆ. ಕೊಡದಿದ್ದರೆ ಮತ್ತೆ ಹೋಗುತ್ತೇನೆ.

ಭಯ ಈಗಲೂ ಅಷ್ಟೇ ಇದೆ, ಕಡಿಮೆಯಾಗಿಲ್ಲ. ಭಯ ಹೋಗಲಿ ಅಂತ ಕಾಯುತ್ತ ಕೂತರೆ ನಾನು ಸತ್ತುಹೋಗುತ್ತೇನೆ, ನೀನು ಹಾಗೆಯೇ ತಪ್ಪಿತಸ್ಥಳಾಗಿ ಉಳಿಯುತ್ತಿ.