ರಾಕೆಟ್ಟಿನ ಬೇಸಿಗೆಯಲ್ಲಿ ಇಟ್ಟ ಪ್ರಸ್ಥಾನ

ಆ ಬೇಸಿಗೆಯಲ್ಲಿ ನಮ್ಮ ಊಟದ ಮೇಜಿನ ಮೇಲೆ ದಿನವೂ ಒಂದು ರಾಕೆಟ್ಟು ಬಂದು ಬೀಳುತ್ತಿತ್ತು. ಬೀಳಿಸುವವನು ನನ್ನ ಅಳಿಯ. ಉತ್ತರ ಕೊರಿಯಾ ಹಾರಿಸಿದ್ದನ್ನೆಲ್ಲ ಅವನು ಸಾರಿನ ಜೊತೆ ನಮಗೆ ಬಡಿಸುತ್ತಿದ್ದ. ಇವತ್ತಿನದು ಎಷ್ಟು ಮೇಲೆ ಹೋಯಿತು, ಯಾವ ಸಮುದ್ರಕ್ಕೆ ಬಿತ್ತು, ಮುಂದಿನದು ಎಲ್ಲಿಗೆ ಮುಟ್ಟುತ್ತದೆ. ಕಂಪ್ಯೂಟರಿನಲ್ಲಿ ಭೂಪಟ ಬಿಡಿಸಿ ಅಲ್ಲಿಂದ ಅಮೆರಿಕದ ಅಟ್ಲಾಂಟಾ ಪಕ್ಕದ ನಮ್ಮ ಊರು ಡುಲುತ್‌ವರೆಗೆ ಗೆರೆ ಎಳೆದೂ ನೋಡಿದ್ದ.

“ಅತ್ತೆ, ಅಟ್ಲಾಂಟಾ ಸೈಡು ಇನ್ನೂ ರೇಂಜ್‌ನಲ್ಲಿಲ್ಲ,” ಎಂದ, ನಾನು ಕೇಳಿದ್ದೆ ಅನ್ನುವ ಹಾಗೆ.

“ಹಾಗಾದ್ರೆ ಇನ್ನೊಂದು ಸೌಟು ಹಾಕ್ಕೊಳ್ಳಿ,” ಎಂದೆ.

ನನಗೆ ಆ ಉತ್ತರ ಕೊರಿಯಾ ಹೊಸದು ಅನ್ನಿಸಲಿಲ್ಲ. ನಾನು ಮದುವೆಯಾಗಿ ಹೋದ ಮಂಡ್ಯದ ಬೀದಿಯಲ್ಲಿ ಒಂದು ಕೋವಿ ಮನೆ ಇತ್ತು. ಎತ್ತರದ ಗೋಡೆ, ಅದರ ಮೇಲೆ ಗಾಜಿನ ಚೂರು. ಒಳಗಿನವರು ಹೊರಗೆ ಬರುವಂತಿಲ್ಲ, ಹೊರಗಿನವರು ಒಳಗೆ ಹೋಗುವಂತಿಲ್ಲ. ಯಜಮಾನ ಆಗಾಗ ತಾರಸಿ ಹತ್ತಿ ಆಕಾಶಕ್ಕೆ ಒಂದು ಗುಂಡು ಹಾರಿಸಿ ಇಳಿದು ಹೋಗುತ್ತಿದ್ದ. ಅವನ ಹತ್ತಿರ ತೋಟಾ ಎಷ್ಟಿದೆ ಎಂದು ಇಡೀ ಬೀದಿ ಲೆಕ್ಕ ಹಾಕುತ್ತಿತ್ತು. ಅವನ ಹೆಂಡತಿ ಮಕ್ಕಳು ಹೊಟ್ಟೆಗೆ ಏನು ತಿಂದರು ಎಂದು ಯಾರೂ ಕೇಳಲಿಲ್ಲ. ತೋಟಾ ಲೆಕ್ಕದಲ್ಲಿ ಇರುವ ಮಜಾ ಅದರಲ್ಲಿ ಇರಲಿಲ್ಲ.

ಅಳಿಯನ ರಾಕೆಟ್ಟುಗಳಿಂದ ಮನೆಯಲ್ಲಿ ಯಾರಿಗೂ ತೊಂದರೆ ಇರಲಿಲ್ಲ. ತೊಂದರೆ ಬಂದದ್ದು ಮೊಮ್ಮಗಳ ಪ್ರಯಾಣಕ್ಕೆ. ಅವಳು ಚಿಕ್ಕಂದಿನಿಂದ ಕೊರಿಯಾದವರ ಒದೆಯುವ ವಿದ್ಯೆ ಟೇಕ್ವಾಂಡೋ ಕಲಿಯುತ್ತಿದ್ದಳು. ನಮ್ಮ ಊರಿನಲ್ಲಿ ಕೊರಿಯಾದವರ ಅಂಗಡಿ, ಚರ್ಚು, ಕ್ಷೌರದಂಗಡಿ ಎಲ್ಲ ಇರುವಾಗ ಅದನ್ನು ಕಲಿಸುವವರಿಗೇನು ಬರ. ಆ ವರ್ಷ ಅವಳ ಗುರುಗಳು ಕೆಲವೇ ಮಕ್ಕಳನ್ನು ಆರಿಸಿ ಸಿಯೋಲ್‌ಗೆ ಕರೆದುಕೊಂಡು ಹೋಗುವವರಿದ್ದರು. ಅಲ್ಲೇ ತರಬೇತಿ, ಅಲ್ಲೇ ಸೊಂಟಕ್ಕೆ ಕಟ್ಟುವ ಕಪ್ಪು ಪಟ್ಟಿಯ, ಅಂದರೆ ಬ್ಲ್ಯಾಕ್ ಬೆಲ್ಟಿನ, ಪರೀಕ್ಷೆ. ಈ ಸಲ ತಪ್ಪಿದರೆ ಮುಂದಿನ ವರ್ಷ ಆ ಮಕ್ಕಳ ತಂಡಕ್ಕೆ ಅವಳ ವಯಸ್ಸು ಮೀರುತ್ತಿತ್ತು. ಹುಡುಗಿ ಬೇರೆ ಏನನ್ನೂ ಬೇಡಿದವಳಲ್ಲ. ಗ್ಯಾರೇಜಿನಲ್ಲಿ ಹಲಗೆ ಒಡೆದು ಒಡೆದು ಅವಳ ಕಾಲು ನನ್ನ ಕಾಲಿಗಿಂತ ಒರಟಾಗಿತ್ತು.

ಮೊದಲು ಒಪ್ಪಿದವನು ಅಳಿಯನೇ. ಆದರೆ ವಿಮಾನ ಹೊರಡುವುದು ಆಷಾಢದ ಮಂಗಳವಾರ. ರಾಕೆಟ್ಟಿನ ಲೆಕ್ಕ ಗೊತ್ತಿದ್ದ ಇಂಜಿನಿಯರಿಗೆ ಮಂಗಳವಾರದ ಲೆಕ್ಕ ಅದಕ್ಕಿಂತ ಚೆನ್ನಾಗಿ ಗೊತ್ತಿತ್ತು. ಮೈಸೂರಿನ ಜೋಯಿಸರಿಗೆ ಫೋನು ಮಾಡಿದ. ಅವರು ಪ್ರಸ್ಥಾನ ಇಡಲು ಹೇಳಿದರು. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ ಅದಕ್ಕೆ ಮುಂಚಿನ ಒಳ್ಳೆಯ ಗಳಿಗೆಯಲ್ಲಿ ಪ್ರಯಾಣದ ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರುವುದು ನಮ್ಮಲ್ಲಿ ರೂಢಿ. ಗಂಟು ಹೊರಟರೆ ಮನುಷ್ಯ ಹೊರಟ ಹಾಗೆ. ಆಮೇಲೆ ಆ ಗಂಟು ಮನೆಗೆ ವಾಪಸು ಬರಬಾರದು, ಬಂದರೆ ಕೆಡುಕು.

ಅಳಿಯ ಫೋನಿನಲ್ಲಿ ದಿಕ್ಕು ಹುಡುಕಿದ. ಸರಿಯಾದ ದಿಕ್ಕಿಗೆ ಇದ್ದದ್ದು ಎದುರುಮನೆ, ಕೊರಿಯಾದ ಅಜ್ಜಿಯದು. ಅವಳೂ ನಾನೂ ಬೆಳಗಿನ ಬಿಸಿಲಿಗೆ ಒಟ್ಟಿಗೆ ಕೂತು ಬೆಳ್ಳುಳ್ಳಿ ಸುಲಿಯುವವರು. ಒಬ್ಬರ ಭಾಷೆ ಒಬ್ಬರಿಗೆ ಬಾರದ್ದರಿಂದ ಜಗಳವೂ ಇರಲಿಲ್ಲ. ಅಳಿಯ ಒಳ್ಳೆಯ ಗಳಿಗೆ ನೋಡಿ ಮೊಮ್ಮಗಳ ಚೀಲ ಹೊತ್ತುಕೊಂಡು ಹೋಗಿ ಅವಳ ಬಾಗಿಲೊಳಗೆ ಇಟ್ಟು, ಕೈಮುಗಿದು ಬಂದ. ಅವಳೂ ಬಗ್ಗಿ ನಮಸ್ಕಾರ ಮಾಡಿದಳು. ಏನು ಅರ್ಥವಾಯಿತೋ.

ಇಲ್ಲಿಯವರ ಸ್ವಾತಂತ್ರ್ಯದ ಹಬ್ಬದ ದಿನ ದೊಡ್ಡ ರಾಕೆಟ್ಟು ಹಾರಿತು. ಅದು ಅಮೆರಿಕದ ತುದಿಗೆ ಮುಟ್ಟಬಹುದಂತೆ. ಅಳಿಯ ಊಟ ಬಿಟ್ಟು ಎದ್ದ.

“ಟ್ರಿಪ್ ಕ್ಯಾನ್ಸಲ್.”

“ಅಪ್ಪಾ! ಯೂ ಪ್ರಾಮಿಸ್ಡ್!” ಎಂದಳು ಮೊಮ್ಮಗಳು.

“ಸಿಯೋಲ್ ಬಾರ್ಡರ್‌ಗೆ ಎಷ್ಟು ಹತ್ರ ಇದೆ ಗೊತ್ತಾ ನಿಂಗೆ? ಬೆಟ್ಟದ ಒಳಗೆಲ್ಲ ಫಿರಂಗಿ ನಿಲ್ಸಿದಾರೆ. ರಾಕೆಟ್ಟೇ ಬೇಡ, ಅದೇ ಸಾಕು.”

ನಾನು ಕೇಳಿದೆ: “ಅಲ್ಲಿಗೆ ಫಿರಂಗಿ ಸಾಕು ಅಂದ್ರೆ, ಈ ದೊಡ್ಡ ರಾಕೆಟ್ಟು ಯಾರಿಗೆ?”

“ನಮಗೆ, ಅತ್ತೆ. ಅಮೆರಿಕಾಗೆ.”

“ಅಲ್ಲಿದ್ರೆ ಫಿರಂಗಿ, ಇಲ್ಲಿದ್ರೆ ರಾಕೆಟ್ಟು. ಮತ್ತೆ ಮಗೂನ ಎಲ್ಲಿಡ್ತೀರಿ? ಮಂಡ್ಯದಲ್ಲಾ?”

“ಅತ್ತೆ, ಇದು ಜೋಕಲ್ಲ!”

“ನಾನೂ ಜೋಕು ಮಾಡ್ತಿಲ್ಲ. ಒಂದು ಜಾಗ ತೋರ್ಸಿ ಅಂದೆ.”

ಮಗಳು ಡಾಕ್ಟರು. ಮನೆಯಲ್ಲಿ ಜಗಳ ಹತ್ತಿದರೆ ಆಸ್ಪತ್ರೆಯಲ್ಲಿ ಅವಳಿಗೆ ಎಮರ್ಜೆನ್ಸಿ ಹುಟ್ಟುತ್ತದೆ. “ನೀವೇ ಡಿಸೈಡ್ ಮಾಡಿ,” ಎಂದು ಕಾರಿನ ಬೀಗದಕೈ ತೆಗೆದುಕೊಂಡು ಹೋದಳು. ಮೊಮ್ಮಗಳು ಅಳಲಿಲ್ಲ. ಗ್ಯಾರೇಜಿಗೆ ಹೋಗಿ ಉಳಿದಿದ್ದ ಹಲಗೆಗಳನ್ನೆಲ್ಲ ಒಡೆದಳು. ಹೊರಗೆ ಹಬ್ಬದ ಪಟಾಕಿ, ಒಳಗೆ ಹಲಗೆ. ಯುದ್ಧ ನಮ್ಮ ಮನೆಗೇ ಬಂದ ಹಾಗಿತ್ತು.

ಮಾರನೆಯ ದಿನ ಅಳಿಯನಿಗೆ ಚೀಲದ ನೆನಪಾಯಿತು. ಪ್ರಯಾಣ ಇಲ್ಲ ಎಂದ ಮೇಲೆ ಚೀಲ ತರಬೇಕು. ಪ್ರಸ್ಥಾನದ ಚೀಲ ತರಬಾರದು. ಸಂಜೆಯವರೆಗೂ ಕಿಟಕಿಯಿಂದ ಎದುರುಮನೆಯನ್ನೇ ನೋಡುತ್ತ ನಿಂತಿದ್ದು ನನ್ನ ಹತ್ತಿರ ಬಂದ.

“ಅತ್ತೆ, ನೀವು ಹೋಗಿ ತಂದ್ಬಿಡಿ. ನೀವು ತಂದ್ರೆ ಅಷ್ಟು ದೋಷ ಇಲ್ಲ ಅನ್ಸುತ್ತೆ.”

“ನಾನು ಗಂಡ ಸತ್ತೋಳು. ಎದುರಿಗೆ ಬಂದ್ರೇನೆ ನಿಮ್ಮಮ್ಮ ಕಾಲು ತೊಳ್ಕೊಂಡು ಒಳಗೆ ಹೋಗ್ತಿದ್ರು. ನನ್ನ ಕೈಲಿ ತರ್ಸಿದ್ರೆ ದೋಷ ಡಬಲ್ಲು.”

ಅವನು ಯೋಚಿಸಿದ. ನಿಜವಾಗಿಯೂ ಯೋಚಿಸಿದ. ಕೊನೆಗೆ ಮೊಮ್ಮಗಳನ್ನೂ ನನ್ನನ್ನೂ ಕರೆದುಕೊಂಡು ತಾನೇ ಹೊರಟ.

ಅಜ್ಜಿ ಬಾಗಿಲು ತೆಗೆದಳು. ಚೀಲ ಅಲ್ಲೇ ಇತ್ತು, ಆದರೆ ಬಸುರಿಯ ಹಾಗೆ ಊದಿಕೊಂಡಿತ್ತು. ಸಿಯೋಲ್ ಪ್ರಯಾಣದ ಸುದ್ದಿಯನ್ನು ಮೊಮ್ಮಗಳು ಮೊದಲೇ ಹೇಳಿದ್ದಳು. ಅಲ್ಲಿ ಅಜ್ಜಿಗೆ ಒಬ್ಬ ಅಕ್ಕ ಇದ್ದಾಳೆ. ಹುಡುಗಿಯ ಚೀಲವನ್ನು ತನ್ನ ಮನೆಯಲ್ಲಿ ಇಟ್ಟದ್ದು ಅಕ್ಕನಿಗೆ ಸಾಮಾನು ತುಂಬಲಿ ಎಂದೇ ಎಂದು ಅವಳು ತಿಳಿದಿದ್ದಳು. ವಿಟಮಿನ್ ಡಬ್ಬಿ, ಕಾಫಿಪುಡಿ, ಮಂಡಿಗೆ ಅಂಟಿಸುವ ನೋವಿನ ಪಟ್ಟಿ ಎಲ್ಲ ತುಂಬಿ, ಮೇಲೆ ಹಗ್ಗವನ್ನೂ ಬಿಗಿದಿದ್ದಳು.

ಅಳಿಯ ಫೋನಿನಲ್ಲಿ ರಾಕೆಟ್ಟಿನ ಚಿತ್ರ ತೋರಿಸಿದ. ಅವಳು ಕನ್ನಡಕ ಏರಿಸಿ ನೋಡಿ, ತನಗೆ ಬರುವ ಇಂಗ್ಲಿಷಿನಲ್ಲಿ “ಅಗೇನ್?” ಎಂದಳು. ಆಮೇಲೆ ಚೀಲ ತೋರಿಸಿ, “ಹೌ ಮೆನಿ ಕಿಲೋ ಓಕೆ?”

ಅವನು ಫಿರಂಗಿಯ ವಿಷಯ ಹೇಳಿದ. ಗಡಿಯ ವಿಷಯ ಹೇಳಿದ. ಅವಳು ತಲೆಯಾಡಿಸಿ ಕೇಳಿ, ತನ್ನ ಫೋನು ತೆಗೆದು ಅಕ್ಕನಿಗೇ ವಿಡಿಯೋ ಕಾಲ್ ಮಾಡಿದಳು. ಇಲ್ಲಿ ಸಂಜೆ, ಅಲ್ಲಿ ಬೆಳಗ್ಗೆ. ಅಕ್ಕ ಕೂದಲಿಗೆ ಗುಂಗುರು ಮಾಡುವ ಸುರುಳಿ ಸುತ್ತಿಕೊಂಡು ಸೊಪ್ಪು ಬಿಡಿಸುತ್ತ ಕೂತಿದ್ದಳು. ತಂಗಿ ಏನೋ ಕೇಳಿದಳು, ಅಕ್ಕ ಜೋರಾಗಿ ರೇಗಿದಳು.

“ರಾಕೆಟ್ ಬಗ್ಗೆನಾ?” ಎಂದು ಅಳಿಯ ಗಾಬರಿಯಾದ.

ಮೊಮ್ಮಗಳಿಗೆ ಕೊರಿಯಾ ಭಾಷೆ ಸ್ವಲ್ಪ ಬರುತ್ತದೆ. “ಇಲ್ಲ ಅಪ್ಪಾ. ಮೇಲಿನ ಮನೆ ಕಿಡ್ಸ್ ತುಂಬ ಜಂಪ್ ಮಾಡ್ತಾರಂತೆ. ಶಿ ಕಾಂಟ್ ಸ್ಲೀಪ್.”

ಅಕ್ಕ ಇನ್ನೊಂದು ಮಾತು ಕೇಳಿದಳು. ಮೊಮ್ಮಗಳು ಹೇಳಿದಳು: “ಸಂಡೇ ಅವರ ಮನೆಗೆ ಊಟಕ್ಕೆ ಬರ್ಬೇಕಂತೆ. ನಾನು ಏನ್ ತಿಂತೀನಿ ಅಂತ ಕೇಳ್ತಿದಾರೆ.”

ಅಳಿಯನ ಮುಖ ಬದಲಾಯಿತು. “ವೆಜಿಟೇರಿಯನ್ ಅಂತ ಹೇಳು. ನೋ ಮೀಟ್. ನೋ ಫಿಶ್.”

“ಫಿಶ್ ಸಾಸ್ ಓಕೆನಾ ಅಂತ.”

“ಅಯ್ಯೋ, ಫಿಶ್ ಸಾಸ್ ಎಲ್ಲಿ ಹಾಕ್ತಾರೆ?”

“ಎಲ್ಲದರಲ್ಲೂ ಅಪ್ಪಾ. ಅವರ ಪಿಕಲ್ ಕಿಮ್ಚೀಲೂ.”

ಫಿರಂಗಿ ಹೋಯಿತು, ಗಡಿ ಹೋಯಿತು. ಅಳಿಯ ಫೋನು ಕಿತ್ತುಕೊಂಡು ಆ ಮುದುಕಿಗೆ ಪಲ್ಯ ಮಾಡುವ ಕ್ರಮ ಹೇಳಲು ಶುರುಮಾಡಿದ. ಒಗ್ಗರಣೆ ಎಂಬುದನ್ನು ಕೈಸನ್ನೆಯಲ್ಲಿ ತೋರಿಸಿದ. ಅವಳು ಬಾಂಬು ಎಂದುಕೊಂಡಳೋ ಏನೋ, ಬಿದ್ದು ಬಿದ್ದು ನಕ್ಕಳು. “ಅನ್ನ, ಮೊಸರು, ಹಣ್ಣು ಸಾಕು, ಉಳಿದದ್ದು ಇಲ್ಲಿಂದ ಪ್ಯಾಕ್ ಮಾಡಿ ಕಳಿಸ್ತೀನಿ,” ಎಂದು ಬಾಯಿಬಿಟ್ಟ.

“ಕಳಿಸ್ತೀನಿ ಅಂದ್ರಲ್ಲ,” ಎಂದೆ.

ಅವನು ನನ್ನನ್ನು ನೋಡಿದ, ಮಗಳನ್ನು ನೋಡಿದ, ಊದಿದ ಚೀಲವನ್ನು ನೋಡಿದ. ಮುಟ್ಟುವ ಧೈರ್ಯ ಹೇಗೂ ಇರಲಿಲ್ಲ. “ಸೈರನ್ ಏನಾದ್ರೂ ಆದ್ರೆ ಫಸ್ಟು ಅಂಡರ್‌ಗ್ರೌಂಡಿಗೆ ಓಡ್ಬೇಕು,” ಎಂದು ಮಗಳಿಗೆ ಮಾತ್ರ ಹೇಳಿದ. ಅವಳು ಎಗರಿದ ರಭಸಕ್ಕೆ ಎದುರುಮನೆಯ ಚಪ್ಪಲಿ ಸ್ಟ್ಯಾಂಡು ಮಗುಚಿತು.

ಅವಳು ಹೋದಳು. ಪರೀಕ್ಷೆಯೂ ಆಯಿತು, ಕಪ್ಪು ಪಟ್ಟಿಯೂ ಸಿಕ್ಕಿತು. ಆ ಅಕ್ಕನ ಮನೆಯಲ್ಲಿ ಬರೀ ಅನ್ನ ಸೌತೆಕಾಯಿ ತಿಂದಳಂತೆ. ಗುರುಗಳು ಒಂದು ದಿನ ಮಕ್ಕಳನ್ನೆಲ್ಲ ಗಡಿಯ ಹತ್ತಿರ ಕರೆದುಕೊಂಡು ಹೋಗಿ ದೊಡ್ಡ ದುರ್ಬೀನಿನಲ್ಲಿ ಆಚೆ ದೇಶ ತೋರಿಸಿದರು. ಬಂದ ದಿನ ಅವಳ ಪೆಟ್ಟಿಗೆ ಬಿಚ್ಚುವ ಮೊದಲೇ ಅಳಿಯ ಕೇಳಿದ್ದು ಅದನ್ನೇ.

“ಏನ್ ಕಾಣಿಸ್ತು? ಸೋಲ್ಜರ್ಸ್? ಫಿರಂಗಿ?”

“ಇಲ್ಲ ಅಪ್ಪಾ. ಹೊಲ. ಆಂಟೀಸ್ ಬೆಂಡ್ ಆಗಿ ಏನೋ ನೆಡ್ತಿದ್ರು. ಒಬ್ಬರು ಎದ್ದು ನಿಂತು ಬ್ಯಾಕ್ ಹಿಡ್ಕೊಂಡ್ರು. ಅಷ್ಟೇ.”

ಇದಕ್ಕೆ ಅಳಿಯನ ಹತ್ತಿರ ರೇಂಜು ಇರಲಿಲ್ಲ.

“ಏನು ನೆಡ್ತಿದ್ರು?” ಎಂದು ನಾನು ಕೇಳಿದೆ.

“ಗೊತ್ತಿಲ್ಲ ಅಜ್ಜಿ. ಗ್ರೀನ್ ಇತ್ತು.”

“ಅಷ್ಟು ದೂರ ಹೋಗಿ ಅದನ್ನೊಂದು ಸರಿಯಾಗಿ ನೋಡ್ಕೊಂಡು ಬರ್ಲಿಲ್ವಲ್ಲೇ,” ಎಂದೆ. ಭತ್ತವೋ ಜೋಳವೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ.